ಏರುವ ನೀರು, ಇಳಿಯುವ ನೀರು: ವಸಂತದಲ್ಲಿ ಬಾಸ್ ಮೀನಿಗೆ ಗಾಳ ಹಾಕುವುದು ಹೇಗೆ?

ಅಮೆರಿಕದ ಮಧ್ಯ ಮತ್ತು ದಕ್ಷಿಣ ರಾಜ್ಯಗಳಲ್ಲಿ 'ಲೇಕ್' ಎನ್ನಿಸಿಕೊಳ್ಳುವ ದೊಡ್ಡ ಕೆರೆಗಳಲ್ಲಿ ಹೆಚ್ಚಿನವು ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿ ಮಾಡಿದ ಜಲಾಶಯಗಳು. ಮಾರ್ಚ್‌ನಿಂದ ಮೇ ತನಕ ಮಳೆ ಜಡಿ ಹಿಡಿದರೆ ಇವು ಕೆಲವೇ ದಿನಗಳಲ್ಲಿ ಹಲವು ಅಡಿ ಏರಿಬಿಡುತ್ತವೆ. ದಂಡೆಯ ವಿಲೋ ಪೊದೆಗಳು ತುದಿಯಷ್ಟೇ ಕಾಣುವಂತೆ ಮುಳುಗುತ್ತವೆ, ಪಿಕ್ನಿಕ್ ಜಾಗದ ಮೇಜು–ಬೆಂಚುಗಳು ನೀರಲ್ಲಿ ನಿಂತಿರುತ್ತವೆ. ಮಳೆ ನಿಂತ ಮೇಲೆ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಮಟ್ಟ ಇಳಿಯತೊಡಗುತ್ತದೆ. ದೊಡ್ಡ ಬಾಯಿಯ ಸಿಹಿನೀರಿನ ಬೇಟೆಮೀನಾದ ಲಾರ್ಜ್‌ಮೌತ್ ಬಾಸ್ ಮೊಟ್ಟೆಯಿಡಲು ದಂಡೆಗೆ ಬರುವುದೂ ಸರಿಯಾಗಿ ಇದೇ ತಿಂಗಳುಗಳಲ್ಲಿ. ಹೋದ ವಾರ ಮೀನು ಸಿಕ್ಕ ಜಾಗದಲ್ಲಿ ಈ ವಾರ ಗಾಳ ಅಲ್ಲಾಡಲೇ ಇಲ್ಲ ಎಂಬ ಗೊಣಗಾಟ ಹೆಚ್ಚು ಕೇಳುವುದೂ ಈಗಲೇ.

ಗೊಣಗುವವರಲ್ಲಿ ಬಹುತೇಕರು ನೀರು ಎಷ್ಟಿದೆ ಎಂದು ನೋಡಿಕೊಂಡು ಹೋಗಿರುತ್ತಾರೆ. ಯಾವ ಕಡೆ ಹೋಗುತ್ತಿದೆ, ಎಷ್ಟು ಬೇಗ ಹೋಗುತ್ತಿದೆ ಎಂದು ನೋಡಿರುವುದಿಲ್ಲ. ಐದು ಅಡಿ ಹೆಚ್ಚಿದ್ದರೂ ನಾಲ್ಕು ದಿನದಿಂದ ಕದಲದೆ ನಿಂತಿರುವ ಕೆರೆಯಲ್ಲಿ ಬಾಸ್ ನೆಮ್ಮದಿಯಾಗಿ ಇರುತ್ತದೆ. ಎರಡೇ ಅಡಿ ಹೆಚ್ಚಿದ್ದು ಬೆಳಗಿನಿಂದ ಸರಸರ ಇಳಿಯುತ್ತಿರುವ ಕೆರೆಯಲ್ಲಿ ಅದೇ ಮೀನು ಗಂಟುಮೂಟೆ ಕಟ್ಟಿರುತ್ತದೆ.

ಹಂತ 1: ಮನೆಯಲ್ಲಿ ಅಂಕಿ, ದಂಡೆಯಲ್ಲಿ ಕಣ್ಣು

ಪ್ರತಿ ಜಲಾಶಯಕ್ಕೂ ಸಮುದ್ರ ಮಟ್ಟದಿಂದ ಅಳೆದ ಒಂದು ಮಾಮೂಲಿ ಮಟ್ಟವಿದೆ. ಮಿಸೌರಿ–ಅರ್ಕಾನ್ಸಾ ಗಡಿಯ ಟೇಬಲ್ ರಾಕ್ ಕೆರೆಗೆ ಅದು 915 ಅಡಿ. ಪ್ರವಾಹದ ನೀರು ಹಿಡಿದಿಡಲು 931 ಅಡಿಯವರೆಗೆ ಜಾಗ ಬಿಟ್ಟಿದ್ದಾರೆ. ಮಿಸೌರಿಯ ಟ್ರೂಮನ್ ಕೆರೆಯ ಮಾಮೂಲಿ ಮಟ್ಟ 706, ಪ್ರವಾಹದ ಮಿತಿ 739.6. ಅಂದರೆ ಮೂವತ್ತು ಅಡಿಗೂ ಮಿಕ್ಕಿ ಏರಲು ಅವಕಾಶ. ಕೆಂಟಕಿ ಕೆರೆಯದು ಬೇರೆ ಲೆಕ್ಕ. ಚಳಿಗಾಲದಲ್ಲಿ 354 ಅಡಿಗೆ ಇಳಿಸಿಟ್ಟ ನೀರನ್ನು ಅಲ್ಲಿನ ಅಣೆಕಟ್ಟು ನಡೆಸುವ ಸರ್ಕಾರಿ ಸಂಸ್ಥೆ ಟೆನ್ನೆಸ್ಸೀ ವ್ಯಾಲಿ ಅಥಾರಿಟಿಯವರು ಏಪ್ರಿಲ್‌ನಲ್ಲಿ ಬೇಕೆಂದೇ 359ರ ಕಡೆಗೆ ಏರಿಸುತ್ತಾರೆ. ಅಲ್ಲಿ ಹನಿ ಮಳೆ ಬೀಳದಿದ್ದರೂ ವಸಂತದಲ್ಲಿ ನೀರು ಮೇಲೇರುತ್ತಿರುತ್ತದೆ.

ಇಂಥ ಅಂಕಿಗಳು ದಿನವೂ ಅಂತರ್ಜಾಲದಲ್ಲಿ ಸಿಗುತ್ತವೆ. ಹಲವು ಕೆರೆಗಳನ್ನು ನೋಡಿಕೊಳ್ಳುವ ಅಮೆರಿಕದ ಸೇನೆಯ ಎಂಜಿನಿಯರ್ ದಳ, ಆರ್ಮಿ ಕೋರ್ ಆಫ್ ಎಂಜಿನಿಯರ್ಸ್, ಮಟ್ಟದ ಜೊತೆ ಒಳಹರಿವು, ಹೊರಹರಿವನ್ನೂ ಕೊಡುತ್ತದೆ. ಇವತ್ತಿನ ಒಂದು ಅಂಕಿ ನೋಡಿ ಮುಚ್ಚಿಡಬೇಡಿ. ಹಿಂದಿನ ನಾಲ್ಕೈದು ದಿನದ್ದನ್ನೂ ಸಾಲಾಗಿ ಬರೆದುಕೊಳ್ಳಿ. ಒಳಹರಿವು ಹೆಚ್ಚಿದ್ದರೆ ನಾಳೆಯೂ ಏರುತ್ತದೆ. ಹೊರಹರಿವು ಹೆಚ್ಚಿದ್ದರೆ ಇಳಿಕೆ ಶುರುವಾಗಿದೆ ಎಂದೇ ಅರ್ಥ.

ದೋಣಿ ಇಳಿಸುವ ಜಾಗಕ್ಕೆ ಬಂದ ಮೇಲೆ ಕಣ್ಣಿನಿಂದ ಖಚಿತ ಮಾಡಿಕೊಳ್ಳಿ. ಮರದ ಬೊಡ್ಡೆಯ ಮೇಲೆ, ನೀರಿಗಿಂತ ಮೇಲೆ, ಇನ್ನೂ ಒದ್ದೆಯಾದ ಕಪ್ಪು ಪಟ್ಟಿ ಕಂಡರೆ ನೀರು ಇಳಿಯುತ್ತಿದೆ. ಕಸಕಡ್ಡಿಯ ಸಾಲು ದಂಡೆಯ ಹುಲ್ಲಿನ ಮೇಲೆ ಒಣಗಿ ಬಿದ್ದಿದ್ದರೂ ಅದೇ ಮಾತು. ನೊರೆ, ಎಲೆ, ಪುಳ್ಳೆಗಳು ಪೊದೆಗಳ ಒಳಗೇ ತೇಲುತ್ತಿದ್ದು, ಅಂಚಿನ ಒಣಹುಲ್ಲು ಈಗಷ್ಟೇ ಒದ್ದೆಯಾಗುತ್ತಿದ್ದರೆ ಏರಿಕೆ. ನೀರಂಚಿನಲ್ಲಿ ಒಂದು ಕಡ್ಡಿ ಚುಚ್ಚಿ ಹೋಗಿ, ಮಧ್ಯಾಹ್ನ ಬಂದು ನೋಡಿ. ಇದಕ್ಕಿಂತ ಅಗ್ಗದ, ನಂಬಿಕಸ್ತ ಸಲಕರಣೆ ನನಗೆ ಗೊತ್ತಿಲ್ಲ.

ಹಂತ 2: ನೀರಿನ ಬಿಸಿ ಅಳೆಯಿರಿ

ನೀರು 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 13 ಸೆಲ್ಸಿಯಸ್ ದಾಟುತ್ತಿದ್ದಂತೆ ಬಾಸ್ ಆಳ ಬಿಟ್ಟು ಕೊಲ್ಲಿಗಳತ್ತ ಸರಿಯತೊಡಗುತ್ತದೆ. 60ರಿಂದ 75 ಡಿಗ್ರಿ ಫ್ಯಾರನ್‌ಹೀಟ್ ನಡುವೆ (16–24 ಸೆಲ್ಸಿಯಸ್) ಮೊಟ್ಟೆಯಿಡುವ ಕೆಲಸ ನಡೆಯುತ್ತದೆ. ಗಂಡು ಮೀನು ಗಟ್ಟಿ ನೆಲ ಹುಡುಕಿ, ಬಾಲದಿಂದ ಗುಡಿಸಿ ಗುಂಡಗಿನ ತಗ್ಗು ಮಾಡುತ್ತದೆ; ಅದೇ ಗೂಡು. ಸಾಮಾನ್ಯವಾಗಿ ಒಂದರಿಂದ ನಾಲ್ಕು ಅಡಿ ನೀರಿನಲ್ಲಿ, ತಿಳಿನೀರಾದರೆ ಇನ್ನೂ ಆಳದಲ್ಲಿ. ಹೆಣ್ಣು ಮೊಟ್ಟೆಯಿಟ್ಟು ಹೋಗುತ್ತದೆ; ಕಾವಲು ಗಂಡಿನದು. ಮೊಟ್ಟೆ ಕೆಲವೇ ದಿನಗಳಲ್ಲಿ ಒಡೆಯುತ್ತದೆ, ಮರಿಗಳು ಸ್ವಲ್ಪ ಬಲಿಯುವವರೆಗೂ ಅದು ಜಾಗ ಬಿಡುವುದಿಲ್ಲ.

ಇಲ್ಲೇ ನೀರಿನ ಏರಿಳಿತ ಕೈಯಾಡಿಸುವುದು. ಎರಡು ಅಡಿಯಲ್ಲಿ ಕಟ್ಟಿದ ಗೂಡಿನ ಮೇಲೆ ಒಮ್ಮೆಲೆ ಆರೇಳು ಅಡಿ ನೀರು ನಿಂತರೆ ಗೂಡಿಗೆ ತಲುಪುವ ಬಿಸಿಲು, ಬಿಸಿ ಎರಡೂ ಕಡಿಮೆ. ಇನ್ನೂ ಮೊಟ್ಟೆಯಿಡದ ಮೀನುಗಳು ಹೊಸ ದಂಡೆಗೆ ಸರಿಯುತ್ತವೆ. ಅದೇ ಒಂದೂವರೆ ಅಡಿ ಇಳಿದರೆ ಗಂಡು ಬಿಟ್ಟು ಹೋಗುತ್ತದೆ, ಮೊಟ್ಟೆ ಕೆಡುತ್ತದೆ.

ಬೆಚ್ಚಗಿನ ಮಳೆ ಬಂದರೆ ತೊರೆಗಳು ಕೆರೆಗಿಂತ ಬಿಸಿಯಾದ ನೀರು ತರುತ್ತವೆ. ಉತ್ತರದ ಚಳಿಗಾಳಿಯ ಜೊತೆ ಬಂದ ಮಳೆಯಾದರೆ ತಿರುಗಾಮುರುಗಾ. ಕೆರೆಯ ಉತ್ತರ ದಂಡೆಯ ಕೊಲ್ಲಿಗಳು ದಕ್ಷಿಣದ ಬಿಸಿಲಿಗೆ ಎದುರಾಗಿ, ಉತ್ತರದ ಗಾಳಿಗೆ ಬೆನ್ನು ಕೊಟ್ಟಿರುವುದರಿಂದ ಬೇಗ ಬಿಸಿಯಾಗುತ್ತವೆ. ಎರಡು ಮೂರು ಡಿಗ್ರಿ ಹೆಚ್ಚಿರುವ ಕೊಲ್ಲಿ ಸಿಕ್ಕರೆ ಮೊದಲು ಅಲ್ಲೇ ದೋಣಿ ನಿಲ್ಲಿಸಿ.

ಹಂತ 3: ನೀರು ಏರುತ್ತಿದ್ದರೆ ಒಳಗೆ ನುಗ್ಗಿ

ಏರುವ ನೀರಿನ ಅಂಚನ್ನು ಬಾಸ್ ಬೆನ್ನಟ್ಟುತ್ತದೆ. ಹೊಸದಾಗಿ ಮುಳುಗಿದ ಹುಲ್ಲಿನಿಂದ ಎರೆಹುಳು, ಮಿಡತೆ, ಜೀರುಂಡೆ ಈಚೆ ಬರುತ್ತವೆ. ಕಲ್ಲಿನ ಸಂದಿನಲ್ಲಿದ್ದ ಕ್ರೇಫಿಶ್‌ಗಳು (ಸೀಗಡಿಯಂಥ, ಕೊಂಡಿಗಳಿರುವ ಸಿಹಿನೀರಿನ ಜೀವಿ) ಓಡಾಡತೊಡಗುತ್ತವೆ. ಇವನ್ನು ತಿನ್ನಲು ಚಿಕ್ಕ ಮೀನು, ಚಿಕ್ಕದರ ಹಿಂದೆ ದೊಡ್ಡದು. ಆದರೆ ಬಹಳ ದೋಣಿಗಳು ಪೊದೆಸಾಲಿನ ಹೊರಗೇ ನಿಂತು ಮುಂದಿನ ಕೊಂಬೆಗಳಿಗೆ ಎಸೆಯುತ್ತಿರುತ್ತವೆ. ಮೀನು ಅದರ ಹಿಂದೆ ಇಪ್ಪತ್ತು ಗಜ ಒಳಗೆ, ಮೊಣಕಾಲುದ್ದದ ನೀರಿನಲ್ಲಿರುತ್ತದೆ. ದೋಣಿಯನ್ನು ಮೆಲ್ಲಗೆ ಸಾಗಿಸುವ ಚಿಕ್ಕ ಟ್ರೋಲಿಂಗ್ ಮೋಟಾರಿನ ರೆಕ್ಕೆಗೆ ಹುಲ್ಲು ಸುತ್ತಿಕೊಂಡರೆ ಮೋಟಾರು ಎತ್ತಿ, ಉದ್ದದ ಗಳು ಊರಿ ದೋಣಿಯನ್ನು ತಳ್ಳಿಕೊಂಡು ಹೋಗಿ. ಹಳೆಯ ಬಂಡಿದಾರಿ, ಚರಂಡಿ, ಬೇಲಿಸಾಲು ಒಳಕ್ಕೆ ಹೋಗಿದ್ದರೆ ಅದರ ಗುಂಟ ಸಾಗಿ. ಮೀನು ಒಳಹೋಗುವುದೂ ಅದೇ ದಾರಿಯಲ್ಲಿ.

ಎಲ್ಲಾ ದಂಡೆಯೂ ಒಂದೇ ಅಲ್ಲ. ಚಪ್ಪಟೆ ಬಯಲಿನಲ್ಲಿ ಮೂರು ಅಡಿ ಏರಿದರೆ ಎಕರೆಗಟ್ಟಲೆ ಪೊದೆ ಮುಳುಗುತ್ತದೆ. ಮೀನು ಅಲ್ಲಿರುತ್ತದೆ ನಿಜ, ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಕಡಿದಾದ ಬಂಡೆಯ ದಂಡೆಯಲ್ಲಿ ಏನೇ ಏರಿದರೂ ಹೊಸದಾಗಿ ಮುಳುಗುವ ನೆಲ ನಾಲ್ಕಾರು ಅಡಿ ಅಗಲ ಮಾತ್ರ. ನಾನು ಹೇಳುವುದಾದರೆ ಇವೆರಡರ ನಡುವಿನ ಇಳಿಜಾರು ಆರಿಸಿಕೊಳ್ಳಿ: ಹದಿನೈದು ಇಪ್ಪತ್ತು ಅಡಿ ಅಗಲದ ಪೊದೆಪಟ್ಟಿ, ಅದರಲ್ಲೂ ಉಳಿದವುಗಳಿಂದ ಬೇರೆಯಾಗಿ ನಿಂತ ಒಂಟಿ ಪೊದೆ, ಒಂಟಿ ಮರ, ಮುಳುಗಿದ ಮೇಜು. ಬಯಲಿನಲ್ಲಿ ಹುಡುಕುವ ನೂರು ಪೊದೆಗಿಂತ ಇಲ್ಲಿನ ಐದು ಮೇಲು.

ನೀರಿನ ಬಣ್ಣವನ್ನೂ ನೋಡಿ. ತೊರೆಯ ತಲೆಯಲ್ಲಿ ಕೆಂಪು ಬಗ್ಗಡ ಮಗುಚಿಕೊಂಡು ಬರುತ್ತಿದ್ದು, ಅದು ತಣ್ಣಗೂ ಇದ್ದರೆ ಅಲ್ಲಿ ಸಮಯ ಕಳೆಯಬೇಡಿ. ಕೆಳಗೆ ಬನ್ನಿ, ಬಗ್ಗಡವೂ ತಿಳಿನೀರೂ ಕೂಡುವ ಗೆರೆ ಎಲ್ಲೋ ಕಾಣುತ್ತದೆ. ಆ ಗೆರೆಯ ಆಚೀಚೆ ಚಿಕ್ಕ ಮೀನು ಸೇರುತ್ತದೆ. ಒಂದಡಿ ಆಳದವರೆಗೆ ಗಾಳದ ಬಿಳಿ ಕೃತಕ ಎರೆ ಕಾಣುವಷ್ಟು ಮಬ್ಬು ನೀರು ಎಲ್ಲಕ್ಕಿಂತ ಒಳ್ಳೆಯದು: ಮೀನು ಬೆದರದಂತೆ ಹತ್ತಿರ ಹೋಗಬಹುದು, ಅದಕ್ಕೂ ಎರೆ ಕಾಣುತ್ತದೆ. ಮಬ್ಬು ಹೆಚ್ಚಿದಷ್ಟೂ ಬಾಸ್ ಬೊಡ್ಡೆಗೆ ಅಂಟಿಕೊಳ್ಳುತ್ತದೆ, ಎರೆಗಾಗಿ ದೂರ ಬರುವುದಿಲ್ಲ. ಒಂದೇ ಪೊದೆಗೆ ನಾಲ್ಕೈದು ಸಲ, ನಾಲ್ಕೂ ಬದಿಯಿಂದ ಇಳಿಸಿ.

ಒಂದೇ ದಿನದಲ್ಲಿ ಮೂರು ನಾಲ್ಕು ಅಡಿ ನುಗ್ಗುವ ದಿನ ಮೀನು ಚೆಲ್ಲಾಪಿಲ್ಲಿಯಾಗಿರುತ್ತದೆ. ಏರಿಕೆಯ ವೇಗ ತಗ್ಗುವ ದಿನಕ್ಕೆ ರಜೆ ಹಾಕಿ.

ಹಂತ 4: ಇಳಿಯುತ್ತಿದ್ದರೆ ಹೊರಗೆ ಬನ್ನಿ

ನೀರು ಇಳಿಯುವ ಸುಳಿವು ಬಾಸ್‌ಗೆ ಬೇಗ ಸಿಗುತ್ತದೆ. ತಗ್ಗಿನಲ್ಲಿ ಸಿಕ್ಕಿಬೀಳುವ ಮುಂಚೆ ಅದು ಹೊರಡುತ್ತದೆ, ಮೊದಲು ಹೊರಡುವವು ದೊಡ್ಡ ಮೀನುಗಳೇ. ನಿನ್ನೆ ಒಳಗೆ ಮೀನು ಸಿಕ್ಕಿತ್ತೆಂದು ಇವತ್ತೂ ಅಲ್ಲೇ ನುಗ್ಗಿದರೆ ಸಿಗುವುದು ಗೂಡು ಕಾಯುವ ಹಟಮಾರಿ ಗಂಡುಗಳು ಮಾತ್ರ, ಅವೂ ಚಿಕ್ಕವು.

ದಿನಕ್ಕೆ ಕೆಲವೇ ಅಂಗುಲ ಇಳಿಯುತ್ತಿದ್ದರೆ ಪೊದೆಸಾಲಿನ ಹೊರ ಅಂಚಿಗೆ ಬನ್ನಿ. ಎಕರೆಯಲ್ಲಿ ಹರಡಿದ್ದ ಮೀನೆಲ್ಲ ಆ ಒಂದು ಗೆರೆಗೆ ಬಂದು ನಿಂತಿರುತ್ತದೆ. ಏರುವ ನೀರನ್ನೇ ಎಲ್ಲರೂ ಹೊಗಳುತ್ತಾರೆ. ನನ್ನನ್ನು ಕೇಳಿದರೆ ಇಡೀ ವಸಂತದಲ್ಲಿ ಗಾಳಕ್ಕೆ ಅತಿ ಸುಲಭದ ದಿನಗಳು ಈ ನಿಧಾನ ಇಳಿಕೆಯವು. ದಿನಕ್ಕೆ ಒಂದಡಿಯೋ ಅದಕ್ಕಿಂತ ಹೆಚ್ಚೋ ಇಳಿದರೆ ಅಂಚೂ ಸಾಲದು. ದಂಡೆಯಿಂದ ಆಳಕ್ಕೆ ಬೀಳುವ ಮೊದಲ ಜಾರು, ಚಾಚಿದ ಮೂಲೆಗಳ ತುದಿ, ದೋಣಿ ಕಟ್ಟುವ ಕಟ್ಟೆಯ ಹೊರಗಿನ ಕಂಬಗಳು, ತೊರೆಯ ಹಳೆಯ ಪಾತ್ರದ ತಿರುವು, ಇವೇ ಜಾಗಗಳು. ಎರೆಯನ್ನೂ ನಿಧಾನಿಸಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಮುಳುಗಿದ ಹೊಲದಿಂದ ನೀರು ಹಿಂದಕ್ಕೆ ಬಸಿಯುವ ಬಾಯಿಗಳನ್ನು ಹುಡುಕಿ: ರಸ್ತೆಯಡಿಯ ಮೋರಿ, ಚರಂಡಿಯ ತುದಿ, ಒಡ್ಡಿನ ಒಡಕು. ಒಳಗೆ ಸಿಕ್ಕಿಕೊಂಡ ಮರಿಮೀನು, ಕ್ರೇಫಿಶ್ ಎಲ್ಲ ಆ ಬಾಯಿಯಿಂದಲೇ ಹೊರಬರಬೇಕು. ಬಾಸ್ ಕೆಳಗೆ ನಿಂತು, ಮುಖ ಹರಿವಿನ ಕಡೆಗಿಟ್ಟು ಕಾಯುತ್ತಿರುತ್ತದೆ. ಕೆಳಗಡೆ ನಿಂತೇ ಬಾಯಿಯತ್ತ ಎಸೆದು, ಹರಿವಿನ ಜೊತೆಗೇ ಎರೆ ಇಳಿಯಲು ಬಿಡಿ. ಒಂದು ಮೀನು ಸಿಕ್ಕ ಮೇಲೆ ಹೊರಡಬೇಡಿ.

ಮಟ್ಟ ಮೂರು ನಾಲ್ಕು ದಿನ ಅಲ್ಲಾಡದೆ ನಿಂತರೆ ಲೆಕ್ಕ ಸರಳ. ಹೊಸ ದಂಡೆಯೇ ದಂಡೆ ಎಂದುಕೊಂಡು ಮಾಮೂಲಿನಂತೆ ಹಾಕಿ. ಹಾಗೆ ನಿಂತ ಎತ್ತರದ ನೀರು ಮರಿಗಳಿಗೂ ವರ. ಮುಳುಗಿದ ಪೊದೆಗಳಲ್ಲಿ ಅಡಗಲು ಜಾಗ, ತಿನ್ನಲು ಹುಳ ಎರಡೂ ಸಿಗುವುದರಿಂದ, ಬೇಸಿಗೆಯವರೆಗೂ ನೀರು ಮೇಲೇ ಉಳಿದ ವರ್ಷಗಳ ಮರಿಗಳು ಹೆಚ್ಚು ಸಂಖ್ಯೆಯಲ್ಲಿ ಬದುಕುತ್ತವೆ.

ಹಂತ 5: ಸಲಕರಣೆ, ಮತ್ತು ಇಳಿಸುವ ಕೈಚಳಕ

ಪೊದೆಯೊಳಗೆ ನಾಜೂಕಿನ ದಾರ ಕೆಲಸಕ್ಕೆ ಬಾರದು. ಏಳರಿಂದ ಏಳೂವರೆ ಅಡಿಯ ಗಟ್ಟಿ ರಾಡ್, 50ರಿಂದ 65 ಪೌಂಡು ಭಾರ ತಡೆಯುವ ಹೆಣೆದ ದಾರ. ನೀರು ತಿಳಿಯಾಗಿದ್ದರೆ 20 ಪೌಂಡಿನ, ನೀರಿನಲ್ಲಿ ಸುಲಭಕ್ಕೆ ಕಾಣದ ಫ್ಲೋರೋಕಾರ್ಬನ್ ದಾರ. ಎರೆಗಳು ಮೂರು ಸಾಕು. ಪೊದೆಗಳ ನಡುವಿನ ಓಣಿಗಳಲ್ಲಿ ಎಳೆದು ಮೀನು ಹುಡುಕಲು ತಿರುಗುವ ಲೋಹದ ಎಲೆಯಿರುವ, ಅರ್ಧ ಔನ್ಸಿನ ಸ್ಪಿನ್ನರ್‌ಬೈಟ್. ಬೊಡ್ಡೆಯ ಪಕ್ಕ ಇಳಿಸಲು ಜಿಗ್ (ತೂಕದ ತಲೆಯಿರುವ ಕೊಕ್ಕೆ), ಇಲ್ಲವೇ ಕೊಕ್ಕೆಯ ಮೊನೆಯನ್ನು ರಬ್ಬರ್ ಕ್ರೇಫಿಶ್‌ನೊಳಗೆ ಹುದುಗಿಸಿದ ಟೆಕ್ಸಾಸ್ ರಿಗ್. ಇದರ ತೂಕದ ಗುಂಡು ದಾರದ ಮೇಲೆ ಜಾರದಂತೆ ಬಿಗಿದಿರಬೇಕು, ಇಲ್ಲದಿದ್ದರೆ ಗುಂಡು ಕೊಂಬೆಯ ಒಂದು ಕಡೆ, ಎರೆ ಇನ್ನೊಂದು ಕಡೆ. ಇಳಿಯುವ ನೀರಿನಲ್ಲಿ ಮೂಲೆ, ಜಾರುಗಳಿಗೆ ಕ್ರ್ಯಾಂಕ್‌ಬೈಟ್, ಅಂದರೆ ಎಳೆದಾಗ ಅಲುಗಾಡುತ್ತ ಮುಳುಗುವ ಮೀನಿನಾಕಾರದ ಗಟ್ಟಿ ಎರೆ. ಬಗ್ಗಡಕ್ಕೆ ಕಪ್ಪು–ನೀಲಿ, ತಿಳಿನೀರಿಗೆ ಹಸಿರು–ಕಂದು. ಬಣ್ಣದ ಬಗ್ಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಅಂಗಡಿಯವರಿಗೆ ಮಾತ್ರ ಲಾಭ.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಗಾಳಗಾರ ಡೀ ಥಾಮಸ್ ಜನಪ್ರಿಯಗೊಳಿಸಿದ 'ಫ್ಲಿಪ್ಪಿಂಗ್' ಎಂಬ ಎಸೆತ ಈ ಕೆಲಸಕ್ಕೆಂದೇ ಹುಟ್ಟಿದಂತಿದೆ. ರಾಡ್‌ನ ಉದ್ದಕ್ಕಿಂತ ತುಸು ಹೆಚ್ಚು ದಾರ ಬಿಡಿ. ರೀಲ್ ಮತ್ತು ರಾಡ್‌ನ ಮೇಲೆ ದಾರ ಹಾಯುವ ಮೊದಲ ಬಳೆಯ ನಡುವಿನ ದಾರವನ್ನು ಎಡಗೈಯಲ್ಲಿ ಪಕ್ಕಕ್ಕೆ ಎಳೆದು ಹಿಡಿಯಿರಿ. ರಾಡ್‌ನ ತುದಿ ಎತ್ತಿದರೆ ಎರೆ ಗಡಿಯಾರದ ಲೋಲಕದಂತೆ ನಿಮ್ಮತ್ತ ತೂಗಿ, ಮತ್ತೆ ಮುಂದಕ್ಕೆ ಹೋಗುತ್ತದೆ. ಮುಂದೆ ಹೋಗುವಾಗ ತುದಿ ತಗ್ಗಿಸಿ, ಎಡಗೈಯ ದಾರ ಬಿಟ್ಟುಕೊಡಿ. ಎರೆ ನೀರಿಗೆ ಹತ್ತಿರದಲ್ಲೇ ಸಾಗಿ ಸದ್ದಿಲ್ಲದೆ ಬೊಡ್ಡೆಯ ಬುಡಕ್ಕೆ ಇಳಿಯಬೇಕು. ಹೆಚ್ಚಿನ ಸಲ ಮೀನು ಕಚ್ಚುವುದು ಎರೆ ಕೆಳಗೆ ಬೀಳುವಾಗಲೇ. ದಾರ ಪಕ್ಕಕ್ಕೆ ಸರಿದರೂ, ನೆಲ ಮುಟ್ಟುವ ಮುಂಚೆ ನಿಂತರೂ ತಡಮಾಡದೆ ಜಗ್ಗಿ, ಅದೇ ಉಸಿರಿನಲ್ಲಿ ಮೀನನ್ನು ಪೊದೆಯಿಂದ ಮೇಲಕ್ಕೆತ್ತಿ. ಕೊಂಬೆಗೆ ಎರಡು ಸುತ್ತು ಹಾಕಲು ಬಿಟ್ಟಿರೋ, ಮೀನೂ ಹೋಯಿತು, ಎರೆಯೂ ಹೋಯಿತು.

ಏರಿದ ನೀರಿನ ಅಪಾಯಗಳು

ತೇಲುವ ದಿಮ್ಮಿ, ಮುಳುಗಿದ ಬೇಲಿಗೂಟ, ಸೂಚನಾ ಫಲಕದ ಕಂಬ, ಎಲ್ಲವೂ ನೀರಿನಡಿ ಒಂದಡಿಯಲ್ಲಿ ಕಾಣದೆ ನಿಂತಿರುತ್ತವೆ; ವೇಗ ಬೇಡ. ನೀರು ನುಗ್ಗಿದ ದೋಣಿಕಟ್ಟೆಗಳಲ್ಲಿ ವಿದ್ಯುತ್ ತಂತಿ ಜೀವಂತವಿರಬಹುದು, ಕೈಯಿಂದ ಹಿಡಿದು ದೋಣಿ ನಿಲ್ಲಿಸಬೇಡಿ. ಮೋರಿಯ ಬಾಯಿಗೆ ಮೇಲಿನ ಕಡೆಯಿಂದ ದೋಣಿ ತರಬೇಡಿ, ಸೆಳೆತ ಒಳಕ್ಕೆಳೆಯುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಬೆಂಕಿ ಇರುವೆಗಳು ಒಂದನ್ನೊಂದು ಹಿಡಿದು ಮುದ್ದೆಯಾಗಿ ತೇಲುತ್ತವೆ, ಹಾವುಗಳು ಪೊದೆಯ ತುದಿಗೆ ಹತ್ತಿರುತ್ತವೆ. ಸಿಕ್ಕಿಕೊಂಡ ಎರೆ ಬಿಡಿಸಲು ಕೈ ಹಾಕುವ ಮುಂಚೆ ನೋಡಿ. ಲೈಫ್ ಜಾಕೆಟ್ ತೊಟ್ಟೇ ಇರಿ. ಎಂಜಿನ್ ತಾನಾಗಿ ನಿಲ್ಲಿಸುವ ಸ್ವಿಚ್ಚಿನ ಹಗ್ಗವನ್ನು ಮೈಗೆ ಸಿಕ್ಕಿಸಿಕೊಳ್ಳಿ. 26 ಅಡಿಗಿಂತ ಚಿಕ್ಕದಾದ, ಈ ಸ್ವಿಚ್ ಅಳವಡಿಸಿರುವ ದೋಣಿಗಳು ವೇಗವಾಗಿ ಸಾಗುವಾಗ 2021ರ ಏಪ್ರಿಲ್ 1ರಿಂದ ಅಮೆರಿಕದ ಕಾನೂನೂ ಅದನ್ನೇ ಹೇಳುತ್ತದೆ.

ಮೀನು ಬಿಡುವಾಗ

ಗೂಡು ಕಾಯುವ ಗಂಡನ್ನು ಎತ್ತಿದ ಕ್ಷಣದಿಂದ ಬ್ಲೂಗಿಲ್ ಎಂಬ ಚಿಕ್ಕ ಮೀನುಗಳು ಮೊಟ್ಟೆಗೆ ಮುತ್ತುತ್ತವೆ. ಹಿಡಿದಿದ್ದರೆ ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ, ಸಿಕ್ಕ ಜಾಗದಲ್ಲೇ ತಕ್ಷಣ ಬಿಡಿ. ದೋಣಿಯ ತೊಟ್ಟಿಯಲ್ಲಿಟ್ಟು ಕೆರೆಯ ಇನ್ನೊಂದು ತುದಿಯಲ್ಲಿ ಬಿಡುವುದು ಗೂಡನ್ನು ಕೊಂದಂತೆಯೇ. ಗಾಳದ ಪರವಾನಗಿ ರಾಜ್ಯವಾರು. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದು ಎಂಬುದೂ ಕೆರೆಯಿಂದ ಕೆರೆಗೆ ಬದಲಾಗುತ್ತದೆ. ಉತ್ತರದ ಕೆಲವು ರಾಜ್ಯಗಳಲ್ಲಿ ಮೊಟ್ಟೆಯಿಡುವ ಕಾಲಕ್ಕೆ ಬಾಸ್ ಹಿಡಿಯುವುದೇ ನಿಷಿದ್ಧ, ಇಲ್ಲವೇ ಹಿಡಿದು ಬಿಡಲಷ್ಟೇ ಅನುಮತಿ. ಮಟ್ಟದ ಅಂಕಿ ನೋಡುವಾಗಲೇ ಆ ರಾಜ್ಯದ ಈ ವರ್ಷದ ನಿಯಮವನ್ನೂ ಓದಿಕೊಳ್ಳಿ.