ಸಾಕಿದ ನೀರಾಮೆಗಳಲ್ಲಿ ಯೀಸ್ಟ್ ಪತ್ತೆ: ನನ್ನ ಅನುಭವ

ಸಾಕಿದ ಆಮೆಯ ಬಾಯಿಯಲ್ಲಾಗಲಿ ಮಲದಲ್ಲಾಗಲಿ ಯೀಸ್ಟ್, ಅಂದರೆ ಒಂಟಿ ಕೋಶದ ಶಿಲೀಂಧ್ರ, ಸಿಕ್ಕಿತೆಂದರೆ ಆಮೆಗೆ ರೋಗ ಬಂದಿದೆ ಎಂದರ್ಥವಲ್ಲ. ಕ್ಯಾಂಡಿಡಾ, ರೋಡೊಟೊರುಲಾ, ಟ್ರೈಕೊಸ್ಪೊರಾನ್ ಮೊದಲಾದ ಯೀಸ್ಟ್‌ಗಳು ಆರೋಗ್ಯವಂತ ಆಮೆಗಳಲ್ಲೂ ಇರುತ್ತವೆ. ಬೀದರ್‌ನ ನಮ್ಮ ಪ್ರಯೋಗಾಲಯದಲ್ಲಿ ಈ ಕೆಲಸಕ್ಕೆ ಕೈಹಾಕಿದಾಗ, ಅವುಗಳಲ್ಲಿ ಯಾವುದು ಮನುಷ್ಯನ ಮೈಬಿಸಿಯಲ್ಲಿ (37 ಡಿಗ್ರಿ ಸೆಲ್ಸಿಯಸ್) ಬೆಳೆದು ಜನರಿಗೂ ತೊಂದರೆ ಕೊಡಬಲ್ಲದು ಎಂಬುದನ್ನೇ ನಾನು ಮುಖ್ಯ ಪ್ರಶ್ನೆಯಾಗಿ ಇಟ್ಟುಕೊಂಡೆ.

ನಕ್ಷತ್ರ ಆಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಅದನ್ನು ಮನೆಯಲ್ಲಿ ಸಾಕುವಂತಿಲ್ಲ. ಆದ್ದರಿಂದ ಕಣ್ಣಿನ ಹಿಂದೆ ಕೆಂಪು ಪಟ್ಟಿಯಿರುವ, ಅಮೆರಿಕ ಮೂಲದ ರೆಡ್ ಇಯರ್ಡ್ ಸ್ಲೈಡರ್ ನೀರಾಮೆಗಳ ಮಾದರಿಗಳನ್ನಷ್ಟೇ ತೆಗೆದುಕೊಂಡೆ. ಸಲೈನಿನಲ್ಲಿ (ಉಪ್ಪುನೀರಿನ ದ್ರಾವಣ) ಒದ್ದೆ ಮಾಡಿದ ಸಣ್ಣ ತುದಿಯ ಸ್ವ್ಯಾಬ್‌ನಿಂದ (ಹತ್ತಿ ಸುತ್ತಿದ ಕಡ್ಡಿ) ಮಲದ್ವಾರದ ಮಾದರಿ ಸುಲಭವಾಗಿ ಸಿಗುತ್ತದೆ. ಬಾಯಿಯದಕ್ಕೆ ತಾಳ್ಮೆ ಬೇಕು, ಏಕೆಂದರೆ ತಲೆ ಒಳಗೆಳೆದುಕೊಂಡ ಆಮೆಯನ್ನು ಬಲವಂತ ಮಾಡಿದರೆ ಅದಕ್ಕೂ ಪೆಟ್ಟು, ಮಾದರಿಯೂ ಕೆಡುತ್ತದೆ. ತೊಟ್ಟಿಯ ನೀರನ್ನೂ ಬೇರೆಯಾಗಿ ಪರೀಕ್ಷಿಸಿದೆ.

ಬ್ಯಾಕ್ಟೀರಿಯಾಗಳನ್ನು ತಡೆಯಲು ಕ್ಲೋರಾಂಫೆನಿಕಾಲ್ ಸೇರಿಸಿದ ಸಬೊರೊ ಡೆಕ್ಸ್‌ಟ್ರೋಸ್ ಅಗರ್ (ಶಿಲೀಂಧ್ರ ಬೆಳೆಸುವ ಮಾಧ್ಯಮ) ಬಳಸಿದೆ. ಚರ್ಮದ ಶಿಲೀಂಧ್ರಗಳಿಗೆಂದು ಸಿದ್ಧವಾಗಿ ಸಿಗುವ, ಸೈಕ್ಲೊಹೆಕ್ಸಿಮೈಡ್ ಎಂಬ ಶಿಲೀಂಧ್ರ ತಡೆಯುವ ರಾಸಾಯನಿಕ ಇರುವ ಅಗರ್ ಇಲ್ಲಿ ಸಲ್ಲದು; ಅದು ಕ್ರಿಪ್ಟೊಕಾಕಸ್ ಮತ್ತು ಕ್ಯಾಂಡಿಡಾ ಟ್ರಾಪಿಕಾಲಿಸ್‌ನಂಥ ನಾವು ಹುಡುಕುವ ಯೀಸ್ಟ್‌ಗಳನ್ನೇ ಅದುಮಿಬಿಡುತ್ತದೆ. ಪ್ರತಿ ಮಾದರಿಯನ್ನೂ ಎರಡು ಪ್ಲೇಟ್‌ಗಳಿಗೆ ಹಚ್ಚಿ, ಒಂದನ್ನು 25 ಡಿಗ್ರಿಯಲ್ಲಿ, ಇನ್ನೊಂದನ್ನು 37 ಡಿಗ್ರಿಯಲ್ಲಿ ಇಟ್ಟೆ. ನಮ್ಮ ಕಡೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯ ಸಮೀಪ ಹೋಗುವುದರಿಂದ ಪ್ಲೇಟನ್ನು ಮೇಜಿನ ಮೇಲೆ ಬಿಟ್ಟು ಅದನ್ನು ಕೋಣೆಯ ಉಷ್ಣತೆ ಎಂದು ಬರೆಯುವುದು ಸರಿಯಲ್ಲ. ತಂಪು ಮಾಡಬಲ್ಲ ಇನ್‌ಕ್ಯುಬೇಟರ್ ಬೇಕೇಬೇಕು.

25 ಡಿಗ್ರಿಯ ಪ್ಲೇಟ್‌ಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ರೋಡೊಟೊರುಲಾ. ಕ್ಯಾರೊಟಿನಾಯ್ಡ್ ವರ್ಣದ್ರವ್ಯದಿಂದಾಗಿ ಅದರ ವಸಾಹತುಗಳು (ಪ್ಲೇಟಿನ ಮೇಲೆ ಬೆಳೆದ ಗುಂಪುಗಳು) ಹವಳದ ಬಣ್ಣದಲ್ಲಿ ಹೊಳೆಯುತ್ತವೆ. ಅದು ಯೂರಿಯಾವನ್ನು ಒಡೆಯುವುದರಿಂದ, ಅದನ್ನು ಹಚ್ಚಿದ ಯೂರಿಯಾ ಅಗರ್ ಕೂಡ ಗುಲಾಬಿಯಾಗುತ್ತದೆ. ಕೆನೆಬಣ್ಣದ ವಸಾಹತುಗಳ ಗುರುತು ಹಿಡಿಯುವುದೇ ಕಠಿಣ. ಅವನ್ನು ಸೀರಮ್‌ನಲ್ಲಿ ಬೆರೆಸಿ 37 ಡಿಗ್ರಿಯಲ್ಲಿ ಇಟ್ಟು, ಮೂರು ಗಂಟೆ ಮೀರುವ ಮೊದಲೇ ಸೂಕ್ಷ್ಮದರ್ಶಕದಡಿ ನೋಡುತ್ತಿದ್ದೆ. ತಾಯಿಕೋಶದಿಂದ ಹೊರಟ ಕೊಳವೆಯ ಬುಡದಲ್ಲಿ ಕತ್ತು ಹಿಸುಕಿದಂಥ ಸಂಕೋಚನ ಇರದಿದ್ದರೆ ಅದು ಕ್ಯಾಂಡಿಡಾ ಆಲ್ಬಿಕಾನ್ಸ್ ಇಲ್ಲವೇ ಅದರ ಹತ್ತಿರದ ಸಂಬಂಧಿ. ಹೆಚ್ಚು ಹೊತ್ತು ಬಿಟ್ಟರೆ ಕ್ಯಾಂಡಿಡಾ ಟ್ರಾಪಿಕಾಲಿಸ್ ಕೂಡ ಅದೇ ರೂಪದಂತೆ ಕಂಡು ದಾರಿ ತಪ್ಪಿಸುತ್ತದೆ.

“ಸರ್, ಇದಕ್ಕ ಔಷಧ ಹಾಕಬೇಕೇನ್ರಿ?” ಎಂದು ಆಮೆ ಸಾಕಿದ ಒಬ್ಬ ತಾಯಿ ಕೇಳಿದರು. ಚೆನ್ನಾಗಿ ತಿನ್ನುವ, ಈಜುವ ಆಮೆಗೆ ಯೀಸ್ಟ್ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಶಿಲೀಂಧ್ರನಾಶಕ ಕೊಡಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆಮೆಗಳು ಮನುಷ್ಯರಲ್ಲಿ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನೂ ಹೊರುವುದರಿಂದ ಕೈತೊಳೆಯುವ ನಿಯಮವಂತೂ ಹೇಗಿದ್ದರೂ ಇರಲೇಬೇಕು. ಆ ತಾಯಿಯ ಮನೆಯಲ್ಲಿ ಕಿಮೊಥೆರಪಿ ಪಡೆಯುತ್ತಿದ್ದ, ಸೋಂಕು ಸುಲಭವಾಗಿ ತಗಲಬಹುದಾದ ಹಿರಿಯರಿದ್ದರು. ಆದ್ದರಿಂದ ತೊಟ್ಟಿಯನ್ನು ಅವರ ಕೋಣೆಯಿಂದ ದೂರ ಇಡಬೇಕು, ಅದರ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯಬಾರದು, ಆಮೆ ಬೇಡವಾದರೂ ಅದನ್ನು ಕೆರೆಗೆ ಬಿಡಕೂಡದು ಎಂದು ವರದಿಯ ಕೆಳಗೆ ಬರೆದುಕೊಟ್ಟೆ.