ಟಿಬಿ ಬಗ್ಗೆ ಯಾರು ಯಾರನ್ನು ಕೇಳುತ್ತಾರೆ?

ಕಲಬುರಗಿ, ಯಾದಗಿರಿ ಕಡೆಯಿಂದ ಪುಣೆಗೆ ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡುಗಳಿಗೆ ಟಿಬಿ ಮಾಹಿತಿ ಹೇಳಲು ಹೋಗುತ್ತೇನೆ. ಎರಡು ವಾರ ದಾಟಿದರೂ ಕೆಮ್ಮು ನಿಲ್ಲದಿದ್ದರೆ ಕಫ ತಪಾಸಣೆ ಮಾಡಿಸಿ, ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ. ಹೇಳುವುದು ಇಷ್ಟೇ. ಕೇಳುವವರು ಬೇಕಲ್ವಾ?

“ಕುಡುಕರಿಗೆ ಬರೋ ಬ್ಯಾನಿ ಅದು, ನಮ್ಮ ಹುಡುಗಿಗ್ಯಾಕ ಬರ್ತದ ಅಕ್ಕಾರ?” ಅಂದಿದ್ದರು ಒಬ್ಬ ತಾಯಿ. ಹಾಗೆ ನಂಬಿದವರು ಟಿಬಿ ಬಗ್ಗೆ ವಿಚಾರಿಸುವುದೇ ಇಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೆಮ್ಮಿನ ಔಷಧಿ ಕೇಳುತ್ತಾರೆ. ಮದುವೆ ವಯಸ್ಸಿನ ಮಗಳಿದ್ದರಂತೂ “ನಮ್ಮ ಓಣ್ಯಾಗ ಒಬ್ರಿಗೆ…” ಅಂತಲೇ ಮಾತು ಶುರು. ನಾನೂ ಆ ‘ಒಬ್ಬರಿಗೇ’ ಉತ್ತರ ಹೇಳಿ ಬರುತ್ತೇನೆ. ಯಾರಿಗೆ ಅಂತ ಕೆದಕಿದರೆ ಮಾತು ಅಲ್ಲಿಗೇ ಮುಗೀತು. ಮುಕಾದಮ, ಅಂದರೆ ಕೂಲಿಯವರ ಮೇಸ್ತ್ರಿ, ಎದುರಿಗಿದ್ದಾಗ ಯಾರೂ ಬಾಯಿ ಬಿಡುವುದಿಲ್ಲ. ಕೆಲಸ ಹೋದೀತು ಅನ್ನುವ ಭಯ. ಹಾಗಾಗಿ ಅವನು ಇಲ್ಲದ ಹೊತ್ತು ನೋಡಿಕೊಂಡು ಹೋಗುತ್ತೇನೆ.

ಗುಳಿಗೆ ಬಿಟ್ಟಿದ್ದ ಒಬ್ಬ ಹುಡುಗ ಮೊಬೈಲ್ ತೋರಿಸಿದ. ‘ಟಿಬಿ ಗುಳಿಗೆ ಅಪಾಯ’ ಅಂತ ಹುಡುಕಿದ್ದ. ಬಂದದ್ದೆಲ್ಲ ಹೆದರಿಸುವ ವಿಡಿಯೋಗಳೇ, ಮತ್ತೇನು ಬರಬೇಕು? ನಿಜಕ್ಕೂ ಏನಾಯ್ತಪ್ಪ ಅಂದೆ. ಒಂದಕ್ಕೆ ಹೋದಾಗ ಕೆಂಪಗೆ ಕಂಡಿತ್ತು, ರಕ್ತ ಅಂದುಕೊಂಡಿದ್ದ. ಅದು ರಿಫಾಂಪಿಸಿನ್ ಅನ್ನುವ ಔಷಧಿಯ ಬಣ್ಣ. ಬೆವರು, ಕಣ್ಣೀರಿಗೂ ಬರಬಹುದು, ತೊಂದರೆ ಇಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಬೇಕು. ಈಗ ಈ ಬಣ್ಣದ ವಿಷಯವನ್ನು ಮೊದಲ ದಿನವೇ ಹೇಳಿಬಿಡುತ್ತೇನೆ. ಮಾರನೇ ದಿನ ಅದು ಹಾಗೇ ಕಂಡರೆ, “ಅಕ್ಕಾರು ಹೇಳಿದ್ರಲ್ಲ” ಅಂತ ಮುಂದಿನ ಅನುಮಾನ ನನ್ನ ಹತ್ತಿರವೇ ಬರುತ್ತದೆ.

ರೋಗಿಗೆ ತಟ್ಟೆ ಬೇರೆ ಇಡುವವರ ಜೊತೆ ವಾದ ಮಾಡುವುದಿಲ್ಲ. “ಯಾರು ಹೇಳಿದ್ರು?” ಅಂತ ಮೊದಲು ಕೇಳುತ್ತೇನೆ. ಬಹಳ ಸಲ ಊರಲ್ಲಿರುವ ಮಾವನೋ ಅಣ್ಣನೋ ಹೇಳಿರುತ್ತಾರೆ. ರೋಗಿ ಒಪ್ಪಿದರೆ ಅವರಿಗೇ ಫೋನ್ ಹಚ್ಚಿಸುತ್ತೇನೆ. ಇದು ಗಾಳಿಯಿಂದ ಹರಡುತ್ತದೆ, ತಟ್ಟೆಯಿಂದಲ್ಲ, ಬಾಗಿಲು ತೆರೆದಿಡಲು ನೀವೇ ಹೇಳಿ ಅನ್ನುತ್ತೇನೆ. ನಾನು ಹತ್ತು ಸಲ ಹೇಳುವುದಕ್ಕಿಂತ ಮಾವ ಒಂದು ಸಲ ಹೇಳಿದರೆ ಸಾಕು.

ಮಾವಂದಿರ ಮೊದಲ ಪ್ರಶ್ನೆ ಮಾತ್ರ ಹೆಚ್ಚಾಗಿ ದುಡ್ಡಿನದು. “ಸರಕಾರ ರೊಕ್ಕ ಕೊಡ್ತದಂತ, ಖರೇನೇನ್ರಿ?” ಖರೇನೇ. ಪೌಷ್ಟಿಕ ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಬ್ಯಾಂಕ್ ಖಾತೆ ನಂಬರ್ ಕೊಡಿಸಿ ಅನ್ನುತ್ತೇನೆ. ಅದು ಮುಗಿದ ಮೇಲೆ, “ಗುಳಿಗಿ ಎಷ್ಟ್ ತಿಂಗಳ ನುಂಗಬೇಕ್ರಿ?” ಅಂತ ಅವರೇ ಕೇಳುತ್ತಾರೆ.