ಕಟಕ್ ಅಂದರೆ ಒಣಗಿದೆ ಅಂತ

ಜೋಳ ಒಣಗಿದೆಯೋ ಇಲ್ಲವೋ ಅಂತ ತಿಳಿಯಲು ನಮ್ಮತ್ತೆ ಒಂದು ಕಾಳು ತೆಗೆದು ದವಡೆಗಿಟ್ಟು ಕಚ್ಚುತ್ತಿದ್ದರು. ಕಟಕ್ ಅಂತ ಸಪ್ಪಳ ಬಂದರೆ ಚೀಲಕ್ಕೆ. ಸಪ್ಪಳವಿಲ್ಲದೆ ಕಾಳು ಚಪ್ಪಟೆಯಾದರೆ ಮತ್ತೆ ಮಾಳಿಗೆ ಮೇಲೆ, ಇನ್ನೆರಡು ಬಿಸಿಲು. ಒಂದು ಕಾಳು ನೋಡಿ ನಂಬುತ್ತಿರಲಿಲ್ಲ ಅವರು. ರಾಶಿಯ ಅಂಚಿಂದ ಒಂದು, ನಡುವಿಂದ ಒಂದು, ತಳ ಕೆದರಿ ಒಂದು. ಮದುವೆಯಾಗಿ ವಿಜಯಪುರಕ್ಕೆ ಬಂದ ಮೊದಲ ವರ್ಷ ನನಗೂ ಕಚ್ಚಲು ಕೊಟ್ಟರು. ಆ ಸಪ್ಪಳ ಕಿವಿಯಲ್ಲಿ ಕೂತಿತು. ಇವತ್ತಿಗೂ ಯಾವ ಕಾಳು ತಂದರೂ ಮೊದಲು ಹಲ್ಲಿಗೇ ಕೇಳುತ್ತೇನೆ.

ಈಗ ಮೊಮ್ಮಗ ಐದನೇ ಕ್ಲಾಸು. ಅಡುಗೆಮನೆಯ ಕಟ್ಟೆ ಮೇಲೆ ಕೂತು ವಿಜ್ಞಾನದ ಪಾಠ ಓದುತ್ತಾನೆ. ಬಲ ಎಂದರೇನು, ಆಹಾರ ಯಾಕೆ ಕೆಡುತ್ತದೆ, ಕಸ ಏನು ಮಾಡಬೇಕು. ಮೂರೂ ಬೇರೆ ಬೇರೆ ಪಾಠ ಅಂತ ಅವನ ಲೆಕ್ಕ. ನಾನು ಮನೆ ನಡೆಸಿ ಕಂಡದ್ದು ಬೇರೆ. ತೇವ ಎಲ್ಲಿ ಇರಬೇಕು, ಎಲ್ಲಿ ಇರಬಾರದು ಅಂತ ಗೊತ್ತಾದರೆ ಮೂರೂ ಪಾಠದ ಮುಕ್ಕಾಲು ಭಾಗ ಕೈಗೆ ಬಂದ ಹಾಗೆ.

ಬಿಸಿಲಿಗೆ ಹಾಕಿದ ಮಾತ್ರಕ್ಕೆ ಕಾಳಿನ ನೀರು ಪೂರ್ತಿ ಹೋಗುವುದಿಲ್ಲ. ನೂರು ಕಿಲೊ ಜೋಳದಲ್ಲಿ 12 ಕಿಲೊದಷ್ಟು ನೀರು ಉಳಿದರೆ ತೊಂದರೆಯಿಲ್ಲ. ಅದಕ್ಕಿಂತ ಜಾಸ್ತಿ ಆದರೆ ಬೂಷ್ಟು ಶುರು, ನುಸಿ ಶುರು, ಚೀಲದೊಳಗೆ ಕೈ ಹಾಕಿದರೆ ಬೆಚ್ಚಗೆ ತಾಗುತ್ತದೆ. ಆ ಬೆಚ್ಚಗೆ ಅನ್ನುವುದು ಕೆಟ್ಟ ಸುದ್ದಿ. ಕೂಡಲೇ ಸುರಿದು ಹರವಿ. ಇನ್ನೊಂದು ಮಾತು. ಬಿಸಿಲಿಂದ ತಂದ ಕಾಳನ್ನು ಬಿಸಿಯಾಗಿಯೇ ಡಬ್ಬಿಗೆ ತುಂಬಬೇಡಿ. ರಾತ್ರಿ ತಣ್ಣಗಾದಾಗ ಡಬ್ಬಿಯ ಮುಚ್ಚಳದ ಒಳಗೆ ಬೆವರು ಕಟ್ಟುತ್ತದೆ, ಆ ಹನಿ ಕಾಳಿನ ಮೇಲೆ ಬೀಳುತ್ತದೆ. ಸಂಜೆ ತನಕ ನೆರಳಲ್ಲಿ ಆರಲಿ. ಬೇವಿನ ಎಲೆ ಹಾಕುವವರೂ ಇಲ್ಲೇ ತಪ್ಪುತ್ತಾರೆ. ಗಿಡದಿಂದ ಕಿತ್ತ ಹಸಿ ಎಲೆ ಹಾಕಿದರೆ ನುಸಿಗೆ ಔಷಧಿ ಹಾಕಿದೆವು ಅಂದುಕೊಂಡು ನೀರು ಹಾಕಿದ ಹಾಗಾಯಿತು. ನೆರಳಲ್ಲಿ ಗರಿಗರಿ ಒಣಗಿಸಿ ಹಾಕಿ. ತೊಗರಿಬೇಳೆಗೆ ಹರಳೆಣ್ಣೆ ಕೈಗೆ ಸವರಿಕೊಂಡು ತಿಕ್ಕಿದರೆ ಸಾಕು, ಬೇಳೆ ಮಿಂಚಬೇಕು, ಜಿಡ್ಡಾಗಬಾರದು.

ನನ್ನ ತವರು ಬಾಗೇವಾಡಿ ಕಡೆ. ಅಲ್ಲಿ ನಮ್ಮ ಮನೆಗೆ ಹಗೇವು ಇತ್ತು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನೆಲದೊಳಗೆ ತೋಡಿದ ದೊಡ್ಡ ಕುಣಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತಲೂ ಜೋಳದ ಕಣಿಕೆ, ಹೊಟ್ಟು ಹಾಕಿ ಜೋಳ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಔಷಧಿ ಇಲ್ಲ, ಪುಡಿ ಇಲ್ಲ, ಆದರೂ ಜೋಳ ವರ್ಷಗಟ್ಟಲೆ ಇರುತ್ತಿತ್ತು. ಕಾರಣ ಇಷ್ಟೇ. ಕಾಳಿಗೂ ಜೀವ ಇದೆ, ಅದೂ ಉಸಿರಾಡುತ್ತದೆ. ಒಳಗಿನ ಆಮ್ಲಜನಕ ಮುಗಿಯುತ್ತಾ ಬಂದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದರಲ್ಲಿ ನುಸಿ ಬದುಕುವುದಿಲ್ಲ.

ನುಸಿ ಬದುಕದ ಕಡೆ ಮನುಷ್ಯನೂ ಬದುಕುವುದಿಲ್ಲ, ಅದನ್ನು ಮರೆಯಬಾರದು. ಹಗೇವು ತೆಗೆಯುವ ದಿನ ಅಪ್ಪ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಬಾಯಿ ತೆಗೆದು ಒಂದಿಡೀ ದಿನ ಹಾಗೇ ಬಿಡುವರು. ಮರುದಿನ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಸುವರು. ಒಮ್ಮೆ ನಾನು ಕಂಬದ ಮರೆಯಲ್ಲಿ ನಿಂತು ನೋಡಿದ್ದೇನೆ. ಕಂದೀಲು ಹಗೇವಿನ ಕುತ್ತಿಗೆ ದಾಟುವ ತನಕ ಚೆನ್ನಾಗಿ ಉರಿಯಿತು, ಒಂದು ಮೊಳ ಕೆಳಗೆ ಹೋದದ್ದೇ ಉರಿ ಸಣ್ಣದಾಯಿತು, ನೀಲಿಯಾಯಿತು, ಆರಿತು. ಊದಿದವರು ಯಾರೂ ಇಲ್ಲ. ಆ ಗಾಳಿ ನಮ್ಮ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಅಪ್ಪ ಹಗ್ಗ ಮೇಲೆಳೆದು, ‘ಇವತ್ತೂ ಬ್ಯಾಡ’ ಅಂದರು. ದೀಪ ಉರಿದರೂ ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಇಬ್ಬರು ನಿಲ್ಲದೆ ಯಾರೂ ಇಳಿಯುತ್ತಿರಲಿಲ್ಲ. ಈಗಲೂ ಹಳೇ ಹಗೇವು, ಪಾಳು ಬಾವಿ, ಗೊಬ್ಬರ ಗ್ಯಾಸಿನ ಗುಂಡಿ ಇದ್ದವರಿಗೆ ಕೈ ಮುಗಿದು ಹೇಳುತ್ತೇನೆ. ದೀಪ ಉರಿಯಿತು ಅಂತ ಪೂರ್ತಿ ನಂಬಬೇಡಿ. ಒಳಗೆ ಬಿದ್ದವರನ್ನು ಎತ್ತಲು ಇನ್ನೊಬ್ಬರು ಹಾಗೇ ಧುಮುಕಬೇಡಿ. ಗ್ಯಾಸಿನ ಗುಂಡಿಯ ಹತ್ತಿರ ಅಂತೂ ದೀಪ, ಕಡ್ಡಿ ತರಲೇಬಾರದು, ಅಲ್ಲಿಯ ಗಾಳಿ ಹೊತ್ತಿಕೊಳ್ಳುತ್ತದೆ.

ಇನ್ನು ಲಿಂಬೆ. ಇಂಡಿ ಲಿಂಬೆ ನಮ್ಮ ಜಿಲ್ಲೆಯ ಭಾಗ್ಯ. ಉಪ್ಪಿನಕಾಯಿಗೆ ಕಾಯಿ ತೊಳೆದು, ಒರೆಸಿ, ಬಟ್ಟೆ ಮೇಲೆ ಹರವಿ, ತೊಟ್ಟಿನ ಕುಳಿಯಲ್ಲೂ ನೀರಿಲ್ಲದ ಹಾಗೆ ಆರಿಸಿ. ಕಿಲೊ ಲಿಂಬೆಗೆ 200 ಗ್ರಾಂ ಉಪ್ಪು. ಈಚೆಗೆ ಉಪ್ಪು ಜಾಸ್ತಿ ತಿನ್ನಬಾರದು ಅಂತ ಉಪ್ಪಿನಕಾಯಿಗೂ ಉಪ್ಪು ಕಡಿಮೆ ಮಾಡುತ್ತಾರೆ. ಅದು ಸರಿಯಲ್ಲ. ತಿನ್ನುವಾಗ ಹೋಳು ಕಡಿಮೆ ಹಾಕಿಕೊಳ್ಳಿ, ಭರಣಿಗೆ ಉಪ್ಪು ಕಡಿಮೆ ಮಾಡಬೇಡಿ. ಉಪ್ಪು ಹಾಕಿದ ಮರುದಿನ ನೋಡಿ, ನೀವು ಹನಿ ನೀರು ಹಾಕಿಲ್ಲ, ಆದರೂ ಭರಣಿಯ ತಳದಲ್ಲಿ ರಸ ನಿಂತಿರುತ್ತದೆ. ಹೋಳಿನೊಳಗಿನ ನೀರನ್ನು ಉಪ್ಪು ಎಳೆದು ತಂದದ್ದು ಅದು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಬಂದು ಕೂತರೂ ಅದರ ಮೈಯ ನೀರನ್ನೂ ಹಾಗೇ ಎಳೆಯುತ್ತದೆ. ಅದು ಬೆಳೆಯುವುದಾದರೂ ಹೇಗೆ?

ಆದರೂ ಕೆಲವರ ಭರಣಿಯಲ್ಲಿ ಮೇಲಿನ ಹೋಳಿಗೆ ಬಿಳಿ ಬೂಷ್ಟು ಬರುತ್ತದಲ್ಲ, ಅದು ಬಲದ ಪಾಠ. ರಸ ಹೋಳನ್ನು ಮೇಲಕ್ಕೆ ತಳ್ಳುತ್ತದೆ. ತೇಲಿದ ಹೋಳು ಗಾಳಿಗೆ ಸಿಗುತ್ತದೆ, ಗಾಳಿಗೆ ಸಿಕ್ಕದ್ದಕ್ಕೆ ಬೂಷ್ಟು ಹಿಡಿಯುತ್ತದೆ. ನಮ್ಮತ್ತೆ ಒಂದು ದುಂಡನೆ ಹೊಳೆಗಲ್ಲು ಇಟ್ಟುಕೊಂಡಿದ್ದರು. ಅದನ್ನು ಕುದಿಸಿ, ಒಣಗಿಸಿ, ಸಣ್ಣ ಪಿಂಗಾಣಿ ತಟ್ಟೆಯೊಂದನ್ನು ಹೋಳಿನ ಮೇಲೆ ಕವುಚಿ ಅದರ ಮೇಲೆ ಕಲ್ಲು ಇಡುತ್ತಿದ್ದರು. ಕೆಳಗಿಂದ ರಸ ತಳ್ಳುತ್ತದೆ, ಮೇಲಿಂದ ಕಲ್ಲು ಒತ್ತುತ್ತದೆ, ಹೋಳು ರಸದೊಳಗೇ ಇರುತ್ತದೆ. ಮೊಮ್ಮಗನಿಗೆ ಇದನ್ನು ತೋರಿಸಿದಾಗ, ‘ಆಯಿ, ಕಲ್ಲು ಸೋತರ ಬೂಷ್ಟು ಬರ್ತದೇನು?’ ಅಂದ. ಹೌದಪ್ಪ, ಅಷ್ಟೇ. ಹುಳಿಯಿರುವ ಯಾವುದನ್ನೂ ಅಲ್ಯುಮಿನಿಯಂ ಪಾತ್ರೆಯಲ್ಲಿ ಇಡಬೇಡಿ. ಪಿಂಗಾಣಿ ಭರಣಿ, ಇಲ್ಲವೇ ಗಾಜು.

ದ್ರಾಕ್ಷಿ ವಿಷಯ ಸ್ವಲ್ಪ. ತಿಕೋಟಾ ಕಡೆ ಹೋದವರು ತೋಟದ ಪಕ್ಕ ಉದ್ದನೆ ಶೆಡ್ಡುಗಳನ್ನು ನೋಡಿರುತ್ತೀರಿ. ನಾಲ್ಕು ಕಿಲೊ ಹಸಿ ದ್ರಾಕ್ಷಿಗೆ ಒಂದು ಕಿಲೊ ಒಣದ್ರಾಕ್ಷಿ. ದ್ರಾಕ್ಷಿಯ ಮೇಲೆ ಮೇಣದಂಥ ಪದರ ಇರುತ್ತದೆ, ಅದು ನೀರನ್ನು ಹೊರಗೆ ಬಿಡುವುದಿಲ್ಲ. ಅದಕ್ಕೇ ರೈತರು ಮೊದಲು ದ್ರಾವಣದಲ್ಲಿ ಅದ್ದಿ ಆ ಪದರ ಸಡಿಲಿಸಿ, ಆಮೇಲೆ ನೆರಳಲ್ಲಿ ಬಲೆಯ ಮೇಲೆ ಹರವುತ್ತಾರೆ. ಮನೆಯಲ್ಲಿ ನಾವು ಮಾಡಬೇಕಾದ್ದು ಇಷ್ಟೇ: ತಂದ ಒಣದ್ರಾಕ್ಷಿಯನ್ನು ಮಳೆಗಾಲಕ್ಕೆ ಮುಂಚೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ತೆರೆದಿಟ್ಟರೆ ಅದೇ ಗಾಳಿಯಿಂದ ನೀರು ಕುಡಿದು ಅಂಟಂಟಾಗುತ್ತದೆ.

ಖಡಕ್ ರೊಟ್ಟಿಗೆ ನಿಯಮ ಬೇರೆ. ಹಂಚಿನ ಮೇಲೆ ಬೇಯಿಸಿದ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಬೇಕು. ಅಂಚು ಗರಿಗರಿ ಆಗಿ ನಡುವೆ ಮೆತ್ತಗೆ ಉಳಿದರೆ ಎಂಟು ದಿನಕ್ಕೆ ಹಸಿರು ಚುಕ್ಕೆ. ನಡುವೆ ಮುರಿದು ನೋಡಿ. ಅಲ್ಲೂ ಕಟಕ್ ಅನ್ನಬೇಕು. ಪೂರ್ತಿ ಆರುವ ತನಕ ಬಿದಿರಿನ ಬುಟ್ಟಿಯಲ್ಲಿ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ.

ಶೇಂಗಾ ಮಾತ್ರ ಬಹಳ ಹುಷಾರು. ಕೆಲವು ವರ್ಷದ ಹಿಂದೆ ಒಂದು ಅಂಗಡಿಯಿಂದ ಹತ್ತು ಕಿಲೊ ಶೇಂಗಾ ತಂದೆ. ಚೀಲಕ್ಕೆ ಎಲ್ಲೋ ಮಳೆ ತಾಗಿತ್ತು. ಮೇಲಿನ ಕಾಳು ಚಂದ ಇತ್ತು, ನಡುವೆ ಕೈ ಹಾಕಿದರೆ ಹಸಿರು ಹಳದಿ ಬೂಷ್ಟು. ಪಕ್ಕದ ಮನೆಯವರು ಹುರಿದು ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದರೆ ಗೊತ್ತಾಗುವುದಿಲ್ಲ ಅಂದರು. ಗೊತ್ತಾಗುವುದಿಲ್ಲ, ಅದೇ ಅಪಾಯ. ಆ ಬೂಷ್ಟು ಮಾಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಅನ್ನುತ್ತಾರೆ. ಅದು ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಕೂರುತ್ತದೆ. ಎಮ್ಮೆಗೆ ಹಾಕಿದರೆ ಹಾಲಿಗೂ ಬರುತ್ತದೆ. ಹಣ ಹೋದದ್ದಕ್ಕೆ ನನಗೆ ಹೊಟ್ಟೆ ಉರಿಯಿತು, ಆದರೆ ಎಲ್ಲವನ್ನೂ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆ. ಆರಿಸಿ ಒಳ್ಳೆಯದಿಟ್ಟುಕೊಳ್ಳೋಣ ಅನ್ನಬೇಡಿ. ಹಿಂಡಿ ಮಾಡುವಾಗ ಮಿಕ್ಸಿ ಒಂದೇ ಸಮನೆ ತಿರುಗಿಸಿದರೆ ಬಿಸಿಯಾಗಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ನಮ್ಮ ಒರಳಲ್ಲಿ ಆ ತಾಪತ್ರಯ ಇರಲಿಲ್ಲ. ಆರಿದ ಮೇಲೆ ಡಬ್ಬಿಗೆ ಹಾಕಿ, ಒಣ ಚಮಚ ಬಳಸಿ.

ಬಾಟಲಿ ಮುಚ್ಚಳ ಬರುವುದಿಲ್ಲ ಅಂತ ಸೊಸೆ ದಿನಾ ಕರೆಯುತ್ತಾಳೆ. ಬಿಸಿಯಾಗಿ ತುಂಬಿ ಮುಚ್ಚಿದ ಬಾಟಲಿ ತಣ್ಣಗಾದಾಗ ಒಳಗಿನ ಹಬೆ ನೀರಾಗಿ ಬಿಡುತ್ತದೆ, ಒಳಗೆ ಒತ್ತುವವರು ಕಡಿಮೆ. ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿದಿರುತ್ತದೆ. ಎಷ್ಟು ತಿರುಗಿಸಿದರೂ ಕೈ ಕೆಂಪಾಗುತ್ತದೆ ಅಷ್ಟೇ. ಚಮಚದ ತುದಿಯನ್ನು ಮುಚ್ಚಳದ ಅಂಚಿಗೆ ಸಿಕ್ಕಿಸಿ ಮೆಲ್ಲಗೆ ಮೀಟಿ. ಫುಸ್ ಅಂತ ಗಾಳಿ ಒಳಗೆ ಹೋದರೆ ಎರಡು ಬೆರಳಿಗೆ ಬರುತ್ತದೆ. ಬೆಲ್ಲ, ಎಣ್ಣೆ ಅಂಟಿ ಹಿಡಿದದ್ದಾದರೆ ಮುಚ್ಚಳವನ್ನಷ್ಟೇ ಬಿಸಿನೀರಲ್ಲಿ ಹಿಡಿಯಿರಿ, ಲೋಹ ಹಿಗ್ಗುತ್ತದೆ. ಆಮೇಲೆ ಕೈ ಒರೆಸಿಕೊಂಡು ಒಣ ಬಟ್ಟೆಯಲ್ಲಿ ತಿರುಗಿಸಿ. ಒದ್ದೆ ಕೈಗೆ ಹಿಡಿತವಿಲ್ಲ.

ಹೀಗೆ ಬಾಟಲಿಯಲ್ಲಿ ಮುಚ್ಚಿ ಕುದಿಸಿ ಆಹಾರ ಉಳಿಸುವುದನ್ನು ಫ್ರಾನ್ಸಿನ ನಿಕೊಲಾ ಅಪೆರ್ ಅನ್ನುವ ಅಡುಗೆ ಕಸುಬಿನವರು 1810ರಲ್ಲಿ ಪುಸ್ತಕ ಬರೆದು ತಿಳಿಸಿದರಂತೆ, ಮೊಮ್ಮಗ ಹುಡುಕಿ ಓದಿ ಹೇಳಿದ. ಯಾಕೆ ಕೆಡುವುದಿಲ್ಲ ಅಂತ ಅವರಿಗೂ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ಕೆಲಸ ಇದು ಅಂತ ಲೂಯಿ ಪಾಸ್ಚರ್ ತೋರಿಸಿದ್ದು ಅದಾಗಿ ಐವತ್ತು ವರ್ಷಕ್ಕೆ. ನಮ್ಮತ್ತೆಗೂ ಗೊತ್ತಿರಲಿಲ್ಲ, ಆದರೆ ಒದ್ದೆ ಚಮಚ ಕಂಡರೆ ಬೈಯುತ್ತಿದ್ದರು. ಒಂದೇ ಎಚ್ಚರಿಕೆ: ಹಸಿ ಬೆಳ್ಳುಳ್ಳಿಯನ್ನು ಹುಳಿಯಿಲ್ಲದೆ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡಬೇಡಿ. ಗಾಳಿಯಿಲ್ಲದ ಕಡೆಯೇ ಬೆಳೆಯುವ ವಿಷಜೀವಿಯೂ ಒಂದಿದೆ. ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.

ಈಗ ಕಸ. ಇಲ್ಲಿ ತೇವ ಬೇಕು, ಆದರೆ ಹಿಡಿತದಲ್ಲಿ ಬೇಕು. ಊರಲ್ಲಿ ತಿಪ್ಪೆ ಇತ್ತು, ಇಲ್ಲಿ ಒಂದು ಒಡಕು ಗಡಿಗೆ ಸಾಕು. ತಳಕ್ಕೆ, ಬದಿಗೆ ತೂತು ಮಾಡಿ. ಒಂದು ಹಿಡಿ ತರಕಾರಿ ಸಿಪ್ಪೆಗೆ ಎರಡು ಹಿಡಿ ಒಣ ಎಲೆ. ವಾರಕ್ಕೊಮ್ಮೆ ಕೋಲಿಂದ ಮಗುಚಿ, ಗಾಳಿ ಆಡಬೇಕು. ನಾರಿದರೆ ನೀರು ಜಾಸ್ತಿ, ಗಾಳಿ ಕಡಿಮೆ ಅಂತ ಅರ್ಥ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆ ಇಳಿದರೆ ಒಣ ಎಲೆ ಹಾಕಿ, ಏನೂ ಬರದೆ ಪುಡಿಯಾದರೆ ನೀರು ಚಿಮುಕಿಸಿ. ನಮ್ಮ ಬೇಸಿಗೆಯಲ್ಲಿ ಪುಡಿಯಾಗುವುದೇ ಜಾಸ್ತಿ. ಚಹಾ ಪುಡಿ ಹಾಕುವುದಾದರೆ ಸಕ್ಕರೆ ಹೋಗುವ ಹಾಗೆ ತೊಳೆದು ಹಾಕಿ, ಇಲ್ಲದಿದ್ದರೆ ಇರುವೆಗಳ ಜಾತ್ರೆ. ಮೂರು ತಿಂಗಳಿಗೆ ಕರಿಬೇವಿನ ಗಿಡಕ್ಕೆ ಗೊಬ್ಬರ ತಯಾರು.

ಒಣ ಕಸ ಒಣಗಿಯೇ ಇರಬೇಕು. ರದ್ದಿ ಕಾಗದದ ಮೇಲೆ ಸಾರು ಚೆಲ್ಲಿದರೆ ಅದನ್ನು ಯಾರೂ ಕೊಳ್ಳುವುದಿಲ್ಲ. ಹಾಲಿನ ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ಅಂಟಿಕೊಂಡಿರುವ ಹಾಗೆ ಸೀಳಿ. ಆ ಚೂರನ್ನು ಆರಿಸುವವರು ಯಾರೂ ಇಲ್ಲ, ನೇರ ಗಟಾರಕ್ಕೆ ಹೋಗುತ್ತದೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಬೇರೆ ಕೊಡಿ. ಕಸದ ಗಾಡಿಯವರ ಕೈಯೂ ಕೈಯೇ ಅಲ್ವಾ.

ಮತ್ತೆ ದನದ ಮಾತು. ಉಳಿದ ರೊಟ್ಟಿ, ಅನ್ನವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿ ಓಣಿಯ ತುದಿಗೆ ಎಸೆಯುವವರು ಇನ್ನೂ ಇದ್ದಾರೆ. ದನಕ್ಕೆ ಗಂಟು ಬಿಚ್ಚಲು ಬರುವುದಿಲ್ಲ, ವಾಸನೆಗೆ ಚೀಲ ಸಮೇತ ನುಂಗುತ್ತದೆ. ಪ್ಲಾಸ್ಟಿಕ್ ಅದರ ಹೊಟ್ಟೆಯಲ್ಲಿ ಕರಗುವುದಿಲ್ಲ, ಹೊರಗೂ ಬರುವುದಿಲ್ಲ. ಉಂಡೆಯಾಗುತ್ತಾ ಹೋಗಿ ಕೊನೆಗೆ ಮೇವಿಗೆ ಜಾಗವೇ ಇರುವುದಿಲ್ಲ. ಬೂಷ್ಟು ಹಿಡಿಯದ ರೊಟ್ಟಿ ಇದ್ದರೆ ಬಿಡಿಬಿಡಿಯಾಗಿ ಮುರಿದು ಕೈಯಾರೆ ತಿನ್ನಿಸಿ, ಸ್ವಲ್ಪವೇ. ಬೂಷ್ಟು ಹಿಡಿದದ್ದು ಗಡಿಗೆಗೆ. ಚೀಲವನ್ನು ಮನೆಗೆ ವಾಪಸ್ ತನ್ನಿ, ತೊಳೆಯಿರಿ, ಹಗ್ಗಕ್ಕೆ ಕವುಚಿ ಹಾಕಿ ಒಣಗಿಸಿ.